ನಾಗನ ತಲೆಗೆ ಕಟ್ಟಿದ ಕಾಯಿಲೆ

ನನ್ನ ಗಂಡನ ಬಲಪಕ್ಕೆಯಲ್ಲಿ ಸರ್ಪಸುತ್ತು ಎದ್ದಾಗ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಕನ್ನಡ ಶಾಲೆಯಲ್ಲಿ ಎಂಟು, ಒಂಬತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ ಘನಕಾರ್ಯಗಳನ್ನು ಓದಿದವರಿಗೆ ಇವಳು ಶಾಲೆಯ ಮೆಟ್ಟಿಲೇ ಹತ್ತಿದವಳಲ್ಲ ಅನ್ನಿಸಬಹುದು. ಹತ್ತಿದ್ದೇನೆ. ಬೆಳಿಗ್ಗೆ ಬೋರ್ಡಿನ ಮೇಲೆ ಬಿಳಿ ರಕ್ತಕಣದ ಚಿತ್ರ ಬರೆದು, ಇವು ನಮ್ಮ ದೇಹದ ಕಾವಲುಗಾರರು ಎಂದು ಮಕ್ಕಳ ಬಾಯಲ್ಲಿ ಹೇಳಿಸಿ, ಸಂಜೆ ಮನೆಗೆ ಬಂದು ಗಂಡನ ಪಕ್ಕೆಗೆ ಹಚ್ಚಲಿಕ್ಕೆ ಗರಿಕೆ ಅರೆಯುತ್ತಿದ್ದೆ.

ಎರಡು ಸಾವಿರದ ಐದೋ ಆರೋ ಇರಬೇಕು. ನಮ್ಮದು ಉಡುಪಿ ಕಡೆಯ ಕುಟುಂಬ. ಮನೆಯಲ್ಲಿ ಆಡುವುದು ತುಳು; ಆ ಮಾತುಗಳನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ. ಗಂಡ ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಕೆಲಸಕ್ಕೆ ಹೋಗುವವರು. ಅತ್ತೆ ಟಿಟ್ವಾಳಾದಲ್ಲಿ ಮೈದುನನ ಜೊತೆ ಇದ್ದರು. ಮೈದುನ, ಅಂದರೆ ಇವರ ಒಬ್ಬನೇ ತಮ್ಮ, ಕಲ್ಯಾಣದ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದ. ಮದುವೆ ಆಗಿರಲಿಲ್ಲ. ಊರಿಂದ ಬಂದ ಹೊಸದರಲ್ಲಿ ಅಣ್ಣ ತಮ್ಮ ಇಬ್ಬರೂ ಒಂದೇ ಹೋಟೆಲಿನಲ್ಲಿ ದುಡಿದು, ಅದರ ಮಾಳಿಗೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು. ಅಣ್ಣ ಹೋದಲ್ಲಿಗೆಲ್ಲ ತಮ್ಮ, ಅಣ್ಣ ತಿಂದದ್ದನ್ನೇ ತಮ್ಮ.

ಸುದ್ದಿ ಮುಟ್ಟಿದ್ದೇ ತಡ, ಅತ್ತೆ ಕಾವಿಮಣ್ಣಿನ ಪೊಟ್ಟಣ ಹಿಡಿದುಕೊಂಡು ಡೊಂಬಿವಲಿಗೆ ಬಂದರು. ಗಂಡನ ಪಕ್ಕೆಯಲ್ಲಿ ನೀರುಗುಳ್ಳೆಗಳು ಬೆನ್ನಿನಿಂದ ಹೊಟ್ಟೆಯ ಕಡೆಗೆ ಬೆಲ್ಟಿನ ಹಾಗೆ ಹಬ್ಬಿದ್ದವು. ಅಂಗಿ ತಾಗಿದರೂ ಪ್ರಾಣ ಹೋಗುವಷ್ಟು ಉರಿ.

"ತಲೆ ಯಾವ ಕಡೆ ಉಂಟು, ಬಾಲ ಯಾವ ಕಡೆ ಉಂಟು ನೋಡಿದ್ಯಾ?" ಎಂದು ಅತ್ತೆ ನನ್ನನ್ನು ಕೇಳಿದರು.

"ನನಗೆ ಎರಡೂ ಒಂದೇ ಥರ ಕಾಣ್ತದೆ ಅತ್ತೆ."

"ಸೈ! ಟೀಚರು ಬೇರೆ. ಎರಡೂ ಕೂಡಿದ್ರೆ ಜೀವ ಉಳಿಯುದಿಲ್ಲ ಮಾರಾಯ್ತಿ."

ಕೂಡದ ಹಾಗೆ ನಡುವೆ ಕಾವಿಯ ಗೆರೆ ಎಳೆದರು. ಮನೆಯಲ್ಲಿ ಒಗ್ಗರಣೆ ನಿಂತಿತು. ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು ನಾಗನಿಗೆ ಆಗುವುದಿಲ್ಲವಂತೆ. ಸಪ್ಪೆ ಸಾರು ಉಂಡುಕೊಂಡು ನಾನು ಶಾಲೆಗೆ ಹೋಗಿ ಬರುತ್ತಿದ್ದೆ. ಊರಿನಿಂದ ಮುಂಬಯಿ ಕಡೆಗೆ ಬಂದಿದ್ದ ಜೋಯಿಸರೊಬ್ಬರನ್ನು ಕರೆಸಿ ನಮ್ಮ ಒಂದು ಕೋಣೆ ಒಂದು ಅಡುಗೆಮನೆಯ ಫ್ಲ್ಯಾಟಿನಲ್ಲಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಮಗುಚಿ, ಊರಿನ ಮೂಲಸ್ಥಾನದ ನಾಗನಿಗೆ ವರ್ಷದ ತಂಬಿಲಪೂಜೆ ನಡೆಯದೆ ಬಹಳ ಕಾಲವಾಗಿದೆ, ಅದಕ್ಕೇ ಮೈಮೇಲೆ ಹರಿದಿದ್ದಾನೆ, ಸೊಸೆಗೆ ಮಕ್ಕಳಾಗದ್ದೂ ಇದೇ ಕಾರಣಕ್ಕೆ, ಆಶ್ಲೇಷಾ ಬಲಿ ಎಂಬ ನಾಗಪೂಜೆ ಆಗಬೇಕು ಎಂದರು. ನಮಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನಾಗನಿಗೆ ಬೇರೆ ಕೆಲಸವೇ ಇರಲಿಲ್ಲ ಅಂತ ಕಾಣುತ್ತದೆ.

ನಾವು ಊರಿಗೆ ಹೋಗಿ ಬಲಿ ಮುಗಿಸಿ ಬರುವಷ್ಟರಲ್ಲಿ ಗುಳ್ಳೆಗಳು ಒಣಗಿದ್ದವು. ಅವು ಹೇಗಿದ್ದರೂ ಎರಡು ಮೂರು ವಾರದಲ್ಲಿ ತಾವಾಗಿ ಒಣಗುತ್ತವೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಅತ್ತೆಗೆ ಇವತ್ತಿಗೂ ಗೊತ್ತಿಲ್ಲ; ಹೇಳಿದರೆ ಕೇಳುವವರೂ ಅಲ್ಲ.

ಎಂಟು ತಿಂಗಳು ಕಳೆಯಲಿಲ್ಲ, ಎಡ ಭುಜದಲ್ಲಿ ಮತ್ತೆ ಎದ್ದಿತು. ಈ ಸಲ ಜೊತೆಗೆ ಬಿಡದ ಜ್ವರ, ಇಳಿದ ತೂಕ, ನಾಲಿಗೆಯ ಮೇಲೆ ಹಾಲಿನ ಕೆನೆ ಅಂಟಿದಂಥ ಬಿಳಿ. ಅತ್ತೆ ಬಲಿಯಲ್ಲಿ ಏನೋ ಲೋಪವಾಗಿದೆ ಎಂದರು. ನಾನು ಉರಿಗೆ ಒಂದು ಮುಲಾಮು ಬರೆಸಿಕೊಳ್ಳುವ ಎಂದು ನಮ್ಮ ಬೀದಿಯ ಮರಾಠಿ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಭುಜ ನೋಡಿದರು, ಬಾಯಿ ತೆರೆಸಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಎಚ್‌ಐವಿ ಪರೀಕ್ಷೆ ಮಾಡಿಸಿ ಎಂದರು.

ನನಗೆ ಎಲ್ಲಿತ್ತೋ ಸಿಟ್ಟು! ನಮ್ಮಂಥ ಮರ್ಯಾದಸ್ಥರಿಗೆ ಹೀಗೆ ಹೇಳಲಿಕ್ಕೆ ಇವರಿಗೆ ಎಷ್ಟು ಧೈರ್ಯ ಎಂದು ಮೆಟ್ಟಿಲು ಇಳಿಯುವ ತನಕ ಬೈದೆ. ಗಂಡ ಮಾತಾಡಲಿಲ್ಲ. ಆ ಮೌನಕ್ಕೆ ನಾನು ಕೊಟ್ಟ ಅರ್ಥ, ಪಾಪ, ಇವರಿಗೂ ಬೇಜಾರಾಗಿದೆ ಎಂದು. ಒಂಬತ್ತನೆಯ ತರಗತಿಗೆ ಪ್ರತಿ ವರ್ಷ ಆ ಪಾಠ ಮಾಡುತ್ತಿದ್ದವಳು ನಾನು. ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ, ತಟ್ಟೆ ಲೋಟದಿಂದ ಬರುವುದಿಲ್ಲ, ಸೊಳ್ಳೆಯಿಂದ ಬರುವುದಿಲ್ಲ. ಮ್ಯಾನೇಜರ ಹೆಂಡತಿಯ ಮನೆಗೆ ಬರುವುದಿಲ್ಲ ಎಂದು ಪಾಠದಲ್ಲಿ ಎಲ್ಲೂ ಬರೆದಿರಲಿಲ್ಲ, ನಾನೇ ಸೇರಿಸಿಕೊಂಡಿದ್ದೆ.

ಜ್ವರ ಬಿಡದೆ ಕೊನೆಗೆ ಇಬ್ಬರೂ ಪರೀಕ್ಷೆ ಮಾಡಿಸಿದೆವು. ಇವರಿಗೆ ಇತ್ತು. ನನಗೆ ಇರಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರು, ಆಗಲೂ ಇರಲಿಲ್ಲ. ಹೇಗೆ ತಪ್ಪಿತು ಎಂದು ಕೇಳಿದ್ದಕ್ಕೆ, ಪ್ರತಿ ಸಲ ಅಂಟಲೇಬೇಕು ಎಂದೇನಿಲ್ಲ, ನಿಮ್ಮ ಅದೃಷ್ಟ ಎಂದರು ಡಾಕ್ಟರಮ್ಮ. ಅದೃಷ್ಟವಂತೆ ಎಂದು ನನ್ನನ್ನು ಯಾರಾದರೂ ಕರೆದದ್ದು ಅದೇ ಮೊದಲು.

ಠಾಣೆಯ ಸರಕಾರಿ ಆಸ್ಪತ್ರೆಯಲ್ಲಿ ಸಲಹೆ ಹೇಳುವ ಹೆಂಗಸು ನಮ್ಮಿಬ್ಬರನ್ನೂ ಕೂರಿಸಿ ಹಿಂದಿಯಲ್ಲಿ ವಿವರಿಸಿದರು. ಈ ವೈರಸ್ಸಿಗೆ ತಾನಾಗಿ ಬದುಕುವ ಶಕ್ತಿ ಇಲ್ಲ. ರಕ್ತದಲ್ಲಿ ಸಿಡಿ4 ಎಂಬ ಬಿಳಿ ಕಣಗಳಿವೆ. ಅವು ರೋಗಾಣುವಿನ ಜೊತೆ ತಾವು ಕಾದಾಡುವುದಕ್ಕಿಂತ ಹೆಚ್ಚಾಗಿ ಉಳಿದ ಕಣಗಳಿಗೆ ಯಾರ ಮೇಲೆ ಬೀಳಬೇಕು ಎಂದು ಆರ್ಡರು ಕೊಡುತ್ತವೆ. ವೈರಸ್ಸು ಹುಡುಕಿಕೊಂಡು ಹೋಗಿ ಆ ಕಣಕ್ಕೇ ಅಂಟಿ, ಒಳಗೆ ನುಗ್ಗಿ, ಅದರ ತಿರುಳಿನಲ್ಲಿರುವ ವಂಶವಾಹಿಯ ಬರಹದ ನಡುವೆ ತನ್ನ ಬರಹವನ್ನೂ ಹೊಲಿದುಬಿಡುತ್ತದೆ. ಆಮೇಲೆ ಕಣ ತನ್ನದೇ ಕೆಲಸ ಎಂದುಕೊಂಡು ವೈರಸ್ಸಿನ ನಕಲುಗಳನ್ನು ತಯಾರಿಸಿ ಹೊರಗೆ ಕಳಿಸುತ್ತದೆ, ಕೊನೆಗೆ ತಾನು ಸಾಯುತ್ತದೆ. ದೇಹ ಹೊಸ ಕಣ ಹುಟ್ಟಿಸುತ್ತದೆ, ಅವೂ ಹೋಗುತ್ತವೆ. ಹೀಗೆ ವರ್ಷಗಟ್ಟಲೆ ನಡೆದರೂ ಮನುಷ್ಯನಿಗೆ ಒಂದು ಸೀನೂ ಬರದೆ ಇರಬಹುದು.

ಗಂಡ ಬಹಳ ಗಮನವಿಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಂದ್ರೆ ಕುಕ್ಕನ್ನಲ್ಲ, ವೈಟರನ್ನಲ್ಲ, ಸೀದಾ ಮ್ಯಾನೇಜರನ್ನೇ ಹಿಡಿಯುದು," ಎಂದರು. "ಕಿಚನ್ ಉಂಟು, ಜನ ಉಂಟು, ಸಾಮಾನು ಉಂಟು. ಆರ್ಡರು ಹೇಳುವವ ಇಲ್ಲ."

ಇಪ್ಪತ್ತು ವರ್ಷ ಹೋಟೆಲಿನಲ್ಲಿ ಇದ್ದವರಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವಿರಲಿಲ್ಲ. ನಾನು ಆಮೇಲೆ ಶಾಲೆಯಲ್ಲೂ ಹಾಗೆಯೇ ಕಲಿಸಿದೆ; ಎಲ್ಲಿಂದ ಬಂದ ಉಪಮೆ ಎಂದು ಯಾರೂ ಕೇಳಲಿಲ್ಲ.

ಸರ್ಪಸುತ್ತು ಯಾಕೆ ಎಂದು ಕೇಳಿದೆ. ಚಿಕ್ಕಂದಿನಲ್ಲಿ ಕೋಟಲೆ, ಅಂದರೆ ಸೀತಾಳೆಸಿಡುಬು ಬಂದಿತ್ತಾ ಎಂದು ಅವರು ತಿರುಗಿ ಕೇಳಿದರು. ಬಂದಿತ್ತು. ಆ ರೋಗಾಣು ವಾಸಿಯಾದ ಮೇಲೂ ಹೋಗುವುದಿಲ್ಲವಂತೆ, ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಸುಮ್ಮನೆ ಮಲಗಿರುತ್ತದಂತೆ. ಕಾವಲು ಸಡಿಲವಾದದ್ದೇ ಎದ್ದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಒಂದು ನರ ಒಂದೇ ಪಕ್ಕೆಗೆ ಹೋಗುವುದರಿಂದ ಗುಳ್ಳೆಗಳೂ ಮೈಯ ಅರ್ಧಕ್ಕೆ ನಿಲ್ಲುತ್ತವೆ. ತಲೆ ಬಾಲ ಕೂಡದೆ ಇದ್ದದ್ದು ಅತ್ತೆಯ ಕಾವಿಯಿಂದಲ್ಲ. ಎಚ್‌ಐವಿ ಇಲ್ಲದವರಿಗೂ ಇದು ಬರುತ್ತದೆ, ಆದರೆ ಇಷ್ಟು ಸಣ್ಣ ವಯಸ್ಸಿಗೆ ಎರಡು ಸಲ ಬಂದರೆ ರಕ್ತ ನೋಡಲೇಬೇಕು ಎಂದರು.

ವಾಪಸು ಬರುವಾಗ ಗಾಡಿಯಲ್ಲಿ ಕೇಳಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿ, ಎಲ್ಲಿಂದ ತಂದಿರಿ ಎಂದು ಕೇಳಿದೆ. ಮದುವೆಗೆ ಮೊದಲು, ಹೋಟೆಲಿನ ಮಾಳಿಗೆಯಲ್ಲಿ ಇದ್ದ ದಿನಗಳಲ್ಲಿ, ರಜೆಯ ದಿನ ಎಲ್ಲರೂ ಹೆಂಗಸರ ಹತ್ತಿರ ಹೋಗುತ್ತಿದ್ದರು ಎಂದರು.

"ಎಲ್ಲರೂ ಅಂದ್ರೆ?"

"ಎಲ್ಲರೂ ಅಂದ್ರೆ ಎಲ್ಲರೂ."

ನಾನು ತಟ್ಟೆ ಎತ್ತಿ ಗೋಡೆಗೆ ಹೊಡೆದೆ. ಸ್ಟೀಲಿನದ್ದು, ಒಡೆಯಲಿಲ್ಲ, ಸುಮಾರು ಹೊತ್ತು ತಿರುಗಿ ಸದ್ದು ಮಾಡಿತು. ಪಕ್ಕದ ಮನೆಯವರು ಬಂದು ಏನು ಬಿತ್ತು ಎಂದು ಕೇಳಿದರು. ತಟ್ಟೆ ಎಂದೆ.

ಅವರನ್ನು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಯಾಕೆ ಎಂದು ಕೇಳಿದರೆ ದೊಡ್ಡ ಉತ್ತರವೇನೂ ಇಲ್ಲ. ನನಗೆ ಆ ಮನುಷ್ಯನ ಮೇಲೆ ಪ್ರೀತಿ ಇತ್ತು, ಸಿಟ್ಟೂ ಇತ್ತು, ಎರಡಕ್ಕೂ ಅವರು ಬದುಕಿರಬೇಕಾಗಿತ್ತು. ಮಗು ಬೇಕು ಎಂಬ ಆಸೆಯೂ ಇತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಗುಳಿಗೆ ಕೂಡಲೇ ಸಿಗಲಿಲ್ಲ. ಸಿಡಿ4 ಇನ್ನೂರರ ಕೆಳಗೆ ಇಳಿದವರಿಗೆ, ಇಲ್ಲವೆ ದೊಡ್ಡ ಕಾಯಿಲೆ ಅಂಟಿದವರಿಗೆ ಕೊಡುವುದು ಆಗಿನ ನಿಯಮ. ಇವರದು ಅದಕ್ಕಿಂತ ಸ್ವಲ್ಪ ಮೇಲೆ ಇತ್ತು. "ಅಜೂನ್ ವೇಳ್ ಆಹೆ," ಇನ್ನೂ ಸಮಯ ಇದೆ ಎಂದು ಕಳಿಸಿದರು. ಪರೀಕ್ಷೆಯಲ್ಲಿ ಅಂಕ ಹೆಚ್ಚು ಬಂದದ್ದಕ್ಕೆ ಅತ್ತದ್ದು ನನ್ನ ವೃತ್ತಿಯಲ್ಲೇ ಅದೊಂದು ಸಲ. ಮುಂದಿನ ವರ್ಷ ಟಿ.ಬಿ. ಬಂದು, ಅಂಕವೂ ಇಳಿದು, ಗುಳಿಗೆ ಶುರುವಾಯಿತು. ಮೊದಲ ತಿಂಗಳು ವಾಂತಿ, ಕೆಟ್ಟ ಕನಸು; ಮೀನಿನ ವಾಸನೆಯೇ ಆಗದು. ವರ್ಷ ತುಂಬುವಾಗ ಅಂಗಿಗಳು ಮತ್ತೆ ಬಿಗಿಯಾದವು. ಗುಳಿಗೆ ವೈರಸ್ಸನ್ನು ಕೊಲ್ಲುವುದಿಲ್ಲ, ನಕಲು ತೆಗೆಯುವುದನ್ನು ನಿಲ್ಲಿಸುತ್ತದೆ; ಹೊಲಿದ ಬರಹ ಒಳಗೆ ಹಾಗೇ ಇರುತ್ತದೆ; ಆದ್ದರಿಂದ ಒಂದು ದಿನವೂ ಬಿಡುವ ಹಾಗಿಲ್ಲ.

ತಿಂಗಳಿಗೊಮ್ಮೆ ಗುಳಿಗೆ ತರುವುದು ಬಹಳ ಸಲೀಸು. ಹೇಗೂ ಠಾಣೆಯಲ್ಲಿ ಗಾಡಿ ಬದಲಿಸಬೇಕು. ಆ ದಿನ ಸ್ವಲ್ಪ ಬೇಗ ಹೊರಟು ಆಸ್ಪತ್ರೆಗೆ ಹೋಗಿ, ಆಮೇಲೆ ವಾಶಿಯ ಗಾಡಿ. ಕೇಳುವವರು ಯಾರು? ಇವರು ಚೇತರಿಸಿಕೊಂಡದ್ದನ್ನು ಕಂಡ ಅತ್ತೆ, ಲೋಪದ ಮಾತು ಮರೆತು, ಎಲ್ಲ ಬಲಿಯ ಫಲ ಎಂದು ಟಿಟ್ವಾಳಾದಿಂದ ವಾಶಿಯ ತನಕ ಇದ್ದ ನೆಂಟರಿಗೆಲ್ಲ ಸಾರಿದರು. ನಾವು ಅಲ್ಲ ಎನ್ನಲಿಲ್ಲ. ನಾಗನಷ್ಟು ಒಳ್ಳೆಯ ಮರೆ ನಮಗೆ ಎಲ್ಲಿ ಸಿಗಬೇಕು! ತೂಕ ಯಾಕೆ ಇಳಿದಿತ್ತು? ನಾಗ. ಮೀನು ಯಾಕೆ ಬಿಟ್ಟಿರಿ? ನಾಗನ ಹರಕೆ. ಮಕ್ಕಳು ಯಾಕಿಲ್ಲ? ನಾಗ. ಇದನ್ನು ಕೇಳಿದವರು ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ, ಕೈ ಮುಗಿಯುತ್ತಿದ್ದರು.

ಹೀಗೆ ಐದಾರು ವರ್ಷ ನೆಮ್ಮದಿಯಿಂದ ಸುಳ್ಳು ಹೇಳಿಕೊಂಡು ಇದ್ದೆವು. ಆಮೇಲೆ ಒಂದು ಭಾನುವಾರ ಅತ್ತೆಯ ಫೋನು ಬಂತು. ಮೈದುನನಿಗೆ ಹಣೆಯ ಮೇಲೆ ಸರ್ಪಸುತ್ತು, ಎಡಗಣ್ಣು ಊದಿಕೊಂಡು ಮುಚ್ಚಿದೆ ಎಂದರು. ಹಿಂದಿನ ವರ್ಷ ಸೊಂಟದಲ್ಲಿ ಎದ್ದಿತ್ತಂತೆ, ಅವರೇ ಕಾವಿ ಹಚ್ಚಿ ಇಳಿಸಿದ್ದರಂತೆ.

ಎರಡನೆಯ ಸಲ ಎಂದು ಕೇಳಿದ್ದೇ ನನಗೆ ಠಾಣೆಯ ಆ ಹೆಂಗಸಿನ ಮಾತು ನೆನಪಾಯಿತು. ಟಿಟ್ವಾಳಾಕ್ಕೆ ಹೋಗಿ ನೋಡಿದೆವು. ಮೈದುನ ಕುತ್ತಿಗೆಯ ಎಲುಬು ಕಾಣುವಷ್ಟು ಇಳಿದಿದ್ದ. ನನ್ನನ್ನು ನೋಡಿ ನಗಲು ಹೋಗಿ ನೋವಿಗೆ ಮುಖ ಹಿಂಡಿದ. "ಅತ್ತಿಗೆ, ನಾಗ ಈಗ ನನ್ನ ಮೇಲೆ ಪ್ರೀತಿ ಮಾಡಿದ್ದಾನೆ ನೋಡಿ," ಎಂದ. ಕಣ್ಣಿನ ಡಾಕ್ಟರರಿಗೆ ತೋರಿಸಿದಿರಾ ಎಂದು ಕೇಳಿದ್ದಕ್ಕೆ ಅತ್ತೆ, "ಔಷಧ ತಾಗಿಸಿದ್ರೆ ಕೋಪ ಹೆಚ್ಚಾಗ್ತದೆ, ನಿನ್ನ ಗಂಡನಿಗೆ ಬಲಿಯಿಂದಲೇ ಅಲ್ವಾ ಗುಣ ಆದದ್ದು?" ಎಂದರು. ಅವರ ಬಾಯಿಗೆ ಆ ಮಾತು ಕೊಟ್ಟವರು ನಾವೇ.

ವಾಪಸು ಬರುವ ದಾರಿಯಲ್ಲಿ ಗಂಡನಿಗೆ ಹೇಳಿದೆ, ಅವನಿಗೆ ನಿಮ್ಮ ವಿಷಯ ಹೇಳಿ, ರಕ್ತ ನೋಡಿಸುವ. ಇವರು ಆಗದು ಎಂದರು. ಬೇಡಿಕೊಂಡೆ. "ಸರ್ಪಸುತ್ತು ಯಾರಿಗೂ ಬರ್ತದೆ ಅಂತ ಆಸ್ಪತ್ರೆಯವರೇ ಹೇಳಿಲ್ವಾ? ಸುಮ್ಮನೆ ಎಂತಕ್ಕೆ ಬೆಂಕಿ ಹಚ್ಚುದು?" ಎಂದು ಮುಖ ತಿರುಗಿಸಿದರು. ನಾಚಿಕೆ ಎಂದುಕೊಂಡೆ. ತಮ್ಮನ ಕಣ್ಣಿಗಿಂತ ತನ್ನ ಮರ್ಯಾದೆ ದೊಡ್ಡದಾಯಿತಲ್ಲ ಈ ಮನುಷ್ಯನಿಗೆ ಎಂದು ಹೇಸಿಗೆಯಾಯಿತು. ಅಷ್ಟು ವರ್ಷದಲ್ಲಿ ಇವರ ಮೇಲೆ ಅಂಥ ಹೇಸಿಗೆ ನನಗೆ ಬಂದಿರಲಿಲ್ಲ, ಕಾಯಿಲೆ ಗೊತ್ತಾದ ದಿನವೂ.

ಅತ್ತೆ ತಡ ಮಾಡುವವರಲ್ಲ. ಅದೇ ವಾರ ಟಿಟ್ವಾಳಾದ ಮನೆಯಲ್ಲಿ ಪ್ರಶ್ನೆ ಇಡಿಸಿದರು. ಈ ಜೋಯಿಸರು ಬೇರೆಯವರು, ಕವಡೆ ಮಾತ್ರ ಅದನ್ನೇ ಹೇಳಿತು: ಹಿಂದಿನ ಬಲಿ ಪೂರ್ಣವಾಗಿಲ್ಲ, ಇಬ್ಬರು ಗಂಡುಮಕ್ಕಳೂ ಕೂತು ಮತ್ತೆ ಮಾಡಿಸಬೇಕು, ಮುಂದಿನ ತಿಂಗಳು ಒಳ್ಳೆಯ ದಿನ ಇದೆ. ದೊಡ್ಡವನಿಗೆ ಮಗುವಾಗುತ್ತದೆ, ಚಿಕ್ಕವನಿಗೆ ಕಂಕಣಬಲ ಬರುತ್ತದೆ. ಅತ್ತೆ ಕಣ್ಣೊರೆಸಿಕೊಂಡು, ಉಲ್ಲಾಸನಗರದಲ್ಲಿ ಒಂದು ಹುಡುಗಿ ನೋಡಿಟ್ಟಿದ್ದೇನೆ, ಬಲಿ ಮುಗಿದ ಕೂಡಲೇ ಮಾತಾಡುವುದೇ ಎಂದರು. ಮೈದುನ ಕಣ್ಣಿಗೆ ಬಟ್ಟೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದ. ನನ್ನ ಗಂಡ ಹೌದು ಹೌದೆಂದು ತಲೆ ಅಲ್ಲಾಡಿಸುತ್ತಿದ್ದರು. ಅಲ್ಲಾಡಿಸುತ್ತಿದ್ದರು!

ಜೋಯಿಸರು ಕಾಫಿ ಕುಡಿದು ಹೋಗುವ ತನಕ ಹೇಗೋ ತಡೆದುಕೊಂಡೆ.

"ಅತ್ತೆ, ಬಲಿ ಬೇಡ. ಇವನನ್ನು ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗುವ. ನಿಮ್ಮ ದೊಡ್ಡ ಮಗನಿಗೆ ಗುಣ ಆದದ್ದು ನಾಗನಿಂದ ಅಲ್ಲ. ಇವರಿಗೆ ಎಚ್‌ಐವಿ ಉಂಟು. ಆರು ವರ್ಷದಿಂದ ಠಾಣೆಯಿಂದ ಗುಳಿಗೆ ತಂದು ತಿಂತಿದ್ದಾರೆ. ಇವನಿಗೂ ಅದೇ ಇರಬಹುದು."

ಅತ್ತೆ ನನ್ನನ್ನು ಕೆಳಗಿಂದ ಮೇಲೆ ನೋಡಿದರು. "ಗಂಡನ ಮೇಲೆ ಇಂಥ ಮಾತು ಹೇಳ್ಳಿಕ್ಕೆ ನಿನ್ನ ನಾಲಿಗೆ ಹೇಗೆ ಹೊರಳಿತು? ಬಲಿಗೆ ರಜೆ ಸಿಗುದಿಲ್ಲ ಅಂತ ಹೇಳು, ನಾವೇ ಹೋಗ್ತೇವೆ."

ನಂಬಲಿಲ್ಲ. ನಾವು ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆವು. ಮೈದುನನೂ, "ಹಾಗೆಲ್ಲ ಹೇಳಬೇಡಿ ಅತ್ತಿಗೆ," ಎಂದ. ಎಲ್ಲರೂ ನನ್ನ ಗಂಡನ ಮುಖ ನೋಡಿದರು, ನಾನೂ ನೋಡಿದೆ. ಇಲ್ಲ ಎಂಬ ಒಂದು ಮಾತು ಸಾಕಿತ್ತು. ನಾನು ಹುಚ್ಚಿ ಆಗುತ್ತಿದ್ದೆ, ಬಲಿ ನಡೆಯುತ್ತಿತ್ತು, ಹುಡುಗಿ ನೋಡುತ್ತಿದ್ದರು.

ಇವರು ತಾಯಿಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಎದ್ದು ಹೋಗಿ ತಮ್ಮನ ಎದುರು ನೆಲದ ಮೇಲೆ ಕೂತರು.

"ಅವಳು ಹೇಳಿದ್ದು ಸತ್ಯ," ಎಂದರು. "ಹೋಟೆಲಲ್ಲಿ ಇದ್ದಾಗ ರಜೆಯ ದಿವಸ ನಾವು ಹೋಗ್ತಿದ್ದೆವಲ್ಲ. ನೀನು ಬರುದಿಲ್ಲ, ಹೆದರಿಕೆ ಆಗ್ತದೆ ಅಂದಿದ್ದಿ. ಕೈ ಹಿಡಿದು ಆ ಹೆಂಗಸರ ಮನೆಗೆ ಕರ್ಕೊಂಡು ಹೋದದ್ದು ನಾನು."

ಎಲ್ಲರೂ ಎಂದರೆ ಎಲ್ಲರೂ ಎಂದು ಇವರು ಅಂದು ಹೇಳಿದ್ದರ ಒಳಗೆ ಯಾರಿದ್ದರು ಎಂದು ನನಗೆ ತಿಳಿದದ್ದು ಆಗ. ಇವರು ಮುಚ್ಚಿಟ್ಟದ್ದು ಕಾಯಿಲೆಯನ್ನಲ್ಲ, ಇದನ್ನು. ಅತ್ತೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಅವರಿಗೆ ಆ ಹೊತ್ತಿನಲ್ಲಿ ನಾಗ ನೆನಪಾಗಲಿಲ್ಲ ಎಂದು ಕಾಣುತ್ತದೆ.

ಮರುದಿನವೇ ಮೈದುನ ರಕ್ತ ಕೊಟ್ಟ. ಇತ್ತು. ಸಿಡಿ4 ಐವತ್ತಕ್ಕೂ ಕಡಿಮೆ. ಇನ್ನೊಂದು ತಿಂಗಳು ಊರು, ಬಲಿ ಎಂದು ಅಲೆದಿದ್ದರೆ ಆಮೇಲೆ ಅಲೆಯುವ ಕೆಲಸ ನಮಗೆ ಮಾತ್ರ ಉಳಿಯುತ್ತಿತ್ತು. ಠಾಣೆಯ ಆಸ್ಪತ್ರೆಯಲ್ಲೇ ಸೇರಿಸಿಕೊಂಡರು. ಜೀವ ಉಳಿಯಿತು. ಎಡಗಣ್ಣು ಉಳಿಯಲಿಲ್ಲ. ಗುಳ್ಳೆ ಎದ್ದ ಕೂಡಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಕಣ್ಣಿನ ಡಾಕ್ಟರು ಹೇಳಿದರು. ಉಲ್ಲಾಸನಗರದ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು. ತಾನು ಯಾವುದರಿಂದ ಪಾರಾದೆ ಎಂದು ಅವಳಿಗೆ ಗೊತ್ತೇ ಇಲ್ಲ, ಅದು ಒಳ್ಳೆಯದೇ.

ಆಮೇಲೆ ತಿಂಗಳಿಗೊಮ್ಮೆ ಅಣ್ಣ ತಮ್ಮ ಇಬ್ಬರೂ ಠಾಣೆಗೆ ಹೋಗಿ ಗುಳಿಗೆ ತರತೊಡಗಿದರು. ಮೈದುನ ಟಿಟ್ವಾಳಾದಿಂದ ಬರುವ ಗಾಡಿಗೆ ಡೊಂಬಿವಲಿಯಲ್ಲಿ ಇವರು ಹತ್ತುತ್ತಿದ್ದರು. ಒಟ್ಟಿಗೆ ಇಳಿದು, ಒಟ್ಟಿಗೆ ಸಾಲಿನಲ್ಲಿ ಕೂತು, ಒಟ್ಟಿಗೆ ಹೊರಗೆ ಬರುವುದು. ಮಾತು ಮಾತ್ರ ಇಲ್ಲ. ತಮ್ಮ ಮಾತಾಡುತ್ತಿರಲಿಲ್ಲ, ಇವರಿಗೆ ಮಾತಾಡಿಸುವ ಮುಖ ಇರಲಿಲ್ಲ. ಮನೆಗೆ ಬಂದು ಊಟ ಬಿಟ್ಟು ಕೂರುತ್ತಿದ್ದರು. ಅವನು ಒಂದು ಸಲ ಬೈದುಬಿಟ್ಟರೆ ಸಾಕಿತ್ತು ಎನ್ನುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತಿತ್ತು.

ಒಂದು ವರ್ಷ ಹೀಗೇ ಕಳೆದ ಮೇಲೆ ಶಾಲೆಗೆ ರಜೆ ಇದ್ದ ಒಂದು ದಿನ ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ಬೆಂಚಿನಲ್ಲಿ ನಾನು ನಡುವೆ, ಆಚೀಚೆ ಇವರಿಬ್ಬರು. ಮೈದುನ ಮೈ ತುಂಬಿಕೊಂಡಿದ್ದ, ಅಂಗಿಗೆ ಇಸ್ತ್ರಿ ಹಾಕಿದ್ದ. ನನ್ನ ಗಂಡ ಇದ್ದಕ್ಕಿದ್ದ ಹಾಗೆ ನನ್ನ ಮೇಲಿಂದ ಬಾಗಿ ಅವನ ಮೊಣಕಾಲು ಹಿಡಿದುಕೊಂಡರು.

"ನಾನು ಕರ್ಕೊಂಡು ಹೋಗಬಾರದಿತ್ತು ಮಾರಾಯ. ನನ್ನನ್ನು ಬೈಯಿ. ಎರಡು ಪೆಟ್ಟು ಹೊಡಿ ಬೇಕಾದ್ರೆ."

ಮೈದುನ ಆ ಕೈಯನ್ನು ತೆಗೆಯಲಿಲ್ಲ. ಒಳ್ಳೆಯ ಕಣ್ಣು ನಮ್ಮ ಕಡೆ ಬರುವ ಹಾಗೆ ಮುಖ ಪೂರ್ತಿ ತಿರುಗಿಸಿದ.

"ಅದಕ್ಕೆ ಎಂತ ಸಿಟ್ಟು ಅಣ್ಣ? ಆ ಪ್ರಾಯದಲ್ಲಿ ನೀನು ಕರೆಯದಿದ್ರೂ ಹೋಗ್ತಿದ್ದೆ. ನೀನು ಇಷ್ಟು ವರ್ಷ ಇದೇ ದಾರಿಯಲ್ಲಿ ಬರ್ತಿದ್ದಿ, ಇದೇ ಬೆಂಚಲ್ಲಿ ಕೂತುಕೊಳ್ತಿದ್ದಿ, ಅತ್ತಿಗೆಗೂ ಗೊತ್ತಿತ್ತು. ಅಲ್ಲಿಗೆ ಕೈ ಹಿಡಿದು ಕರ್ಕೊಂಡು ಹೋದ್ಯಲ್ಲ, ಇಲ್ಲಿಗೆ ಯಾಕೆ ಕರ್ಕೊಂಡು ಬರ್ಲಿಲ್ಲ?"

ಇವರು ಅವನ ಮೊಣಕಾಲಿನ ಮೇಲಿದ್ದ ಕೈಯನ್ನು ಹಿಂದೆ ತೆಗೆದುಕೊಂಡರು. ಆ ಪ್ರಶ್ನೆಯಲ್ಲಿ ನಾನೂ ಇದ್ದೆ.